ಬುಲ್ವೆ ನೋಡದ ಮದುಮಗ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗಂತೂ ಮಾತೇ ಹೊಟ್ಟೆಪಾಡು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಹೋಗಿ ತಮ್ಮ ಪರಿಚಯ ಹೇಳಿಕೊಳ್ಳುವ ಶಾಸ್ತ್ರವಿದೆಯಲ್ಲ, ಅಲ್ಲಿ ಮದುಮಗ ತುಟಿ ಬಿಚ್ಚುವ ಹಾಗಿಲ್ಲ. ಬಿಳಿ ನಿಲುವಂಗಿ ತೊಟ್ಟು, ಚಾಪೆಯ ಮೇಲೆ ಸಾಧುವಿನಂತೆ ಕೂತಿರಬೇಕು. ಅವನ ಪರವಾಗಿ ಮಾತಾಡಲು ಒಬ್ಬ ಮಾತುಗಾರ ಬೇಕು. ಎಂಟೆಬ್ಬೆಯಿಂದ ಮಬಂಬಾ ಜೌಗಿನವರೆಗೆ ಆ ಮಾತುಗಾರ ನಾನು, ಕಲ್ಯೆಸುಬುಲ. ಸೋಮಾರಿಯನ್ನು ‘ಯೋಚಿಸಿ ಹೆಜ್ಜೆ ಇಡುವವನು’ ಎಂದೂ, ಕುಡುಕನನ್ನು ‘ಸ್ನೇಹಿತರನ್ನು ನಡುದಾರಿಯಲ್ಲಿ ಕೈಬಿಡದವನು’ ಎಂದೂ ಬಣ್ಣಿಸಿ ದಡ ಸೇರಿಸಿದ್ದೇನೆ. ಮುಬಿರುವಿನ ಮದುವೆಯಲ್ಲಿ ಮಾತ್ರ ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು.

ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಮುಬಿರು ಹೇಳಿದ್ದು, ಇನ್ನರ್ಧ ಊರವರು ಸೇರಿಸಿದ್ದು. ಮೂರು ಅರ್ಧ ಹೇಗಾಯಿತು ಎಂದು ಕೇಳುವವರು ನಮ್ಮೂರಿಗೆ ಬಂದು ಒಂದು ವಾರ ಇದ್ದು ಹೋಗಬೇಕು.

ಮುಬಿರು ವ್ಯಾನ್ ಡ್ರೈವರ್. ಹಕ್ಕಿ ನೋಡಲೆಂದೇ ವಿಮಾನ ಹತ್ತಿ ಬರುವ ಜನರನ್ನು ಕಾಡು, ಬಯಲು, ಕೆರೆ ಎಂದು ಸುತ್ತಿಸುವ ಒಂದು ಸಣ್ಣ ಕಂಪನಿಯಲ್ಲಿ ಅವನ ಕೆಲಸ. ಪ್ರವಾಸಿಗಳು ದುರ್ಬೀನು ಹಿಡಿದು ಹಕ್ಕಿ ನೋಡುವಾಗ ಇವನು ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಹಾಗಾಗಿ ವರ್ಷಗಟ್ಟಲೆ ಹಕ್ಕಿಗಳ ನಡುವೆಯೇ ಬದುಕಿದರೂ ಅವನಿಗೆ ಗೊತ್ತಿದ್ದದ್ದು ಎರಡೇ ಹಕ್ಕಿ: ಕಂಪಾಲಾದ ಕಸದ ಗುಡ್ಡೆಯ ಮೇಲೆ ನಿಲ್ಲುವ ಬೋಳುತಲೆಯ ಕೊಕ್ಕರೆ ಮತ್ತು ಕೋಳಿ. ಒಳ್ಳೆಯವನು, ಕೆಲಸಗಳ್ಳನಲ್ಲ. ಬಾಯಿಗೆ ಬ್ರೇಕ್ ಇಲ್ಲ, ಅಷ್ಟೇ.

ಅವನು ಮನಸ್ಸಿಟ್ಟ ಹುಡುಗಿ ಸ್ಕೋವಿಯಾ. ಮಬಂಬಾದ ದೋಣಿಕಟ್ಟೆಯಲ್ಲಿ ಮೊಟ್ಟೆ ಸುತ್ತಿದ ಚಪಾತಿ ಮಾರುತ್ತಾಳೆ. ನಮ್ಮಲ್ಲಿ ಹೆಣ್ಣು ಕೇಳುವವರು ಮೊದಲು ಅವಳ ಸೋದರತ್ತೆಯ ಬಾಗಿಲು ತಟ್ಟಬೇಕು. ಆಕೆಯನ್ನು ಎಲ್ಲರೂ ಸೆಂಗಾ ಎಂದೇ ಕರೆಯುವುದು. ಸೆಂಗಾ ಫೆಡೆರೆಸಿಯ ಮನೆಗೆ ಮುಬಿರುವನ್ನು ಕರೆದುಕೊಂಡು ಹೋದಾಗ ಅವಳ ಅಣ್ಣ, ಅಂದರೆ ಸ್ಕೋವಿಯಾಳ ತಂದೆ, ಸಲೋಂಗೊ ಕಿತ್ಯೊ ಕೂಡ ಅಲ್ಲೇ ಚಹಾ ಕುಡಿಯುತ್ತಿದ್ದರು. ಸಲೋಂಗೊ ಎಂದರೆ ಅವಳಿ ಮಕ್ಕಳ ತಂದೆಗೆ ಸಲ್ಲುವ ಬಿರುದು. ಅವಳಿಗಳಲ್ಲಿ ಒಬ್ಬಳು ಸ್ಕೋವಿಯಾ, ಇನ್ನೊಬ್ಬ ಲುತಾಯಾ. ಕಿತ್ಯೊ ಹಳೆಯ ಕಾಲದ ಬೆಸ್ತರು. ಮಾತು ಕಡಿಮೆ, ಕೆರೆಯ ನೀರಿನಂತೆ ಆಳ ಜಾಸ್ತಿ.

“ಏನ್ ಕೆಲಸಪ್ಪಾ ನಿಂದು?” ಎಂದು ಅವರು ಕೇಳಿದರು.

ಡ್ರೈವರ್ ಎಂದಿದ್ದರೆ ಕಥೆ ಅಲ್ಲಿಗೇ ಮುಗಿದು, ಎಲ್ಲರೂ ಸುಖವಾಗಿ ಊಟ ಮಾಡಿ ಏಳಬಹುದಿತ್ತು. ಅಷ್ಟರಲ್ಲಿ ಮುಬಿರುವಿನ ಕಣ್ಣು ಬಾಗಿಲ ಸಂದಿಯಲ್ಲಿ ನಿಂತಿದ್ದ ಸ್ಕೋವಿಯಾಳ ಮೇಲೆ ಬಿತ್ತು.

“ಹಕ್ಕಿ ತಜ್ಞ ನಾನು. ಈ ದೇಶದ ಹಕ್ಕಿಗಳೆಲ್ಲಾ ನಂಗೆ ಬಾಯಿಪಾಠ.”

ಸೆಂಗಾ ಹತ್ತಿರ ಸರಿದಳು. “ಒಳ್ಳೇದಾಯ್ತು ಕಣಪ್ಪ. ಹಿತ್ತಲಲ್ಲಿ ನನ್ ಹೇಂಟೆ ಕಾವಿಗೆ ಕೂರಲ್ಲ ಅಂತ ಹಟ ಹಿಡಿದಿದೆ. ಸ್ವಲ್ಪ ನೋಡು.”

“ಅದು ಸಾಕಿದ್ದು ಸೆಂಗಾ. ನಂದು ಕಾಡುಹಕ್ಕಿ ವಿಭಾಗ.”

“ಓ, ಹಿಡಿದು ಮಾರ್ತೀಯಾ?”

“ಇಲ್ಲ. ಪರದೇಶದವ್ರಿಗೆ ತೋರಿಸ್ತೀನಿ.”

“ತೋರಿಸಿ?”

“ತೋರಿಸಿ ವಾಪಸ್ ಬರ್ತೀವಿ.”

“ತಿನ್ನಲ್ವಾ?”

“ಇಲ್ಲ.”

ಸೆಂಗಾ ಅಣ್ಣನ ಮುಖ ನೋಡಿದಳು. ಅಣ್ಣ ಚಹಾದ ಲೋಟ ಕೆಳಗಿಟ್ಟರು. “ಬುಲ್ವೇನೂ ತೋರಿಸ್ತೀಯಾ?” ಎಂದರು.

ಬುಲ್ವೆ ನಮ್ಮ ಜೌಗಿನ ದೊಡ್ಡ ಹಕ್ಕಿ. ಬೆಳಗ್ಗೆ ಅದನ್ನು ಕಂಡ ಬೆಸ್ತನ ಬಲೆಗೆ ಅಂದು ಮೀನು ಬೀಳುವುದಿಲ್ಲ ಎಂಬುದು ಹಿರಿಯರ ನಂಬಿಕೆ. ದೂರದಲ್ಲಿ ಅದರ ನೆರಳು ಕಂಡರೂ ಸಲೋಂಗೊ ದೋಣಿ ತಿರುಗಿಸಿ ಮನೆಗೆ ಬಂದು ಮಲಗುತ್ತಿದ್ದರು. ನಾನು ಮುಬಿರುವಿನ ಕಾಲು ತುಳಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು ಮಾತು ಮುಂದುವರಿಸಿದ.

“ಬುಲ್ವೆ ಇಲ್ದೆ ಪ್ರವಾಸ ಇದೆಯಾ? ಅದು ನನ್ ಖಾಸಾ ಹಕ್ಕಿ. ದಿನಾ ಅದರ ಮುಖ ನೋಡಿದ ಮೇಲೇನೇ ನಾನು ಚಹಾ ಕುಡಿಯೋದು.”

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತನ್ನು ಹಿರಿಯರು ಸುಮ್ಮನೆ ಹೇಳಿಲ್ಲ.

“ಮಾತುಗಾರರೇ, ನೀವು ಸಾಕ್ಷಿ,” ಎಂದರು ಸಲೋಂಗೊ. “ಇವತ್ತಿಂದ ಪರಿಚಯದ ದಿನದವರೆಗೆ ಇವನ ಕಣ್ಣು ಬುಲ್ವೆ ಮೇಲೆ ಬೀಳಬಾರದು. ಬಿತ್ತೋ, ಆ ಕಣ್ಣು ಹೊತ್ಕೊಂಡು ನನ್ ಅಂಗಳಕ್ಕೆ ಬರೋದು ಬೇಡ. ಮಗಳನ್ನ ಕೊಡಬಹುದು, ಬಲೆಗೆ ಶನಿ ತರಿಸ್ಕೊಳಕ್ಕಾಗಲ್ಲ.”

ಇಷ್ಟಕ್ಕೇ ಮುಗಿಯಲಿಲ್ಲ. ಮುಬಿರುವಿನ ತಜ್ಞಪದವಿಯ ಸುದ್ದಿ ಅವನಿಗಿಂತ ಮೊದಲೇ ಕಂಪನಿಯ ಕಚೇರಿ ಮುಟ್ಟಿತ್ತು. ಅದೇ ಹೊತ್ತಿಗೆ ಅಲ್ಲಿನ ನಿಜವಾದ ತಜ್ಞ ಮಲೇರಿಯಾ ಹಿಡಿದು ಮಲಗಿದ್ದ. ಮಾಲೀಕ ಮುಬಿರುವನ್ನು ಕರೆದು, “ಇಷ್ಟು ದಿನ ವಿದ್ಯೆ ಬಚ್ಚಿಟ್ಕೊಂಡಿದ್ದೀಯಲ್ಲೋ. ನಾರ್ವೆಯಿಂದ ಒಬ್ಬರು ನಿವೃತ್ತ ಟೀಚರಮ್ಮ ಬಂದಿದ್ದಾರೆ, ಹಿಲ್ಡೆ ಅಂತ. ಕಾಡು, ಬಯಲು, ಕೊನೇಗೆ ಜೌಗು. ಉಳಿದದ್ದು ಕಾಣದಿದ್ರೂ ಪರವಾಗಿಲ್ಲ, ಬುಲ್ವೆ ಕಾಣಲೇಬೇಕಂತೆ. ನೀನೊಬ್ನೇ ಹೋಗು,” ಎಂದ. ಜೌಗಿನ ದಿನ ಯಾವುದು ಎಂದು ನೋಡಿದರೆ, ಪರಿಚಯದ ಶಾಸ್ತ್ರದ ಹಿಂದಿನ ದಿನ. ಒಲ್ಲೆ ಎಂದರೆ ಕೆಲಸ ಹೋಗುತ್ತದೆ, ಹೂಂ ಎಂದರೆ ಹೆಣ್ಣು ಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ.

ನಾವಿಬ್ಬರೂ ಸ್ಕೋವಿಯಾಳ ಅಂಗಡಿಗೆ ಹೋದೆವು. ಅವಳು ಕಾವಲಿಯ ಮೇಲೆ ಮೊಟ್ಟೆ ಒಡೆಯುತ್ತಿದ್ದಳು.

“ಸ್ಕೋವಿ, ಬುಲ್ವೆ ನೋಡೋಕೆ ಹೇಗಿರುತ್ತೆ?”

“ದಿನಾ ಅದರ ಮುಖ ನೋಡಿ ಚಹಾ ಕುಡಿಯೋನು ನನ್ನ ಕೇಳ್ತೀಯಾ?” ಎಂದು ಅವಳು ಚಪಾತಿ ಮಗುಚಿದಳು. “ಬೂದಿ ಬಣ್ಣ. ಸ್ಕೂಲಿಗೆ ಹೋಗೋ ಹುಡುಗನಷ್ಟೆತ್ತರ. ಯಾರದೋ ಬೂಟು ಕಚ್ಕೊಂಡು ಬಂದ ಹಾಗೆ ಕೊಕ್ಕು. ನಿಂತಲ್ಲೇ ಬೆಪ್ಪನ ಹಾಗೆ ನಿಂತಿರುತ್ತೆ. ಕನ್ನಡಿ ನೋಡ್ಕೊ, ಗೊತ್ತಾಗುತ್ತೆ.”

“ಎದುರಿಗೆ ಬಂದ್ರೆ ಏನ್ಮಾಡ್ಲಿ?”

“ಕಣ್ಣು ಮುಚ್ಕೊ.” ಚಪಾತಿಯನ್ನು ಕಾಗದದಲ್ಲಿ ಸುತ್ತುತ್ತ ಅವಳು ಮತ್ತೆ ಹೇಳಿದಳು. “ನೋಡು, ನಿನ್ನ ಬಿಟ್ಟು ಬೇರೆಯವನ ಕೈ ಹಿಡಿಯೋಳಲ್ಲ ನಾನು. ಆದ್ರೆ ಅಪ್ಪನ ಮಾತು ಮುರಿದು ಓಡಿ ಬರೋಳೂ ಅಲ್ಲ. ನಮ್ಮಿಬ್ಬರ ಸಂಸಾರ ನಿನ್ನ ರೆಪ್ಪೆ ಮೇಲಿದೆ. ತಿಳ್ಕೊಂಡು ಮುಚ್ಚು.”

ಅವಳು ಹೇಳಿದ್ದು ಜೌಗಿನಲ್ಲಿ ಮುಚ್ಚು ಎಂದು. ಮುಬಿರುವಿನ ತರ್ಕ ಬೇರೆ. ರೆಕ್ಕೆ ಇರುವ ಪ್ರಾಣಿ, ಎಲ್ಲಿಗೆ ಬೇಕಾದರೂ ಹಾರಿ ಬರಬಹುದು. ಅದಕ್ಕೇನು ಚೆಕ್‌ಪೋಸ್ಟ್ ಇದೆಯೇ? ಹಾಗಾಗಿ ಅವನು ಕಾಡಿನ ಮೊದಲ ಮರದಿಂದಲೇ ಕಣ್ಣು ಮುಚ್ಚಲು ಶುರುಮಾಡಿದ.

ಬೂಡೊಂಗೊ ಕಾಡಿನಲ್ಲಿ ಹಿಲ್ಡೆ ಮೆಲ್ಲಗೆ, “ಮುಬಿರು, ಇಲ್ಲಿ ಏನಿದೆ?” ಎಂದು ಕೇಳಿದರೆ ಇವನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಯಾವುದೋ ದಿಕ್ಕಿಗೆ ಬೆರಳು ತೋರಿಸುತ್ತಿದ್ದ. ಕಾಡಿನಲ್ಲಿ ಯಾವ ದಿಕ್ಕಿಗೆ ಬೆರಳು ತೋರಿಸಿದರೂ ಒಂದು ಹಕ್ಕಿ ಇದ್ದೇ ಇರುತ್ತದೆ. ಮುದುಕಿ ದುರ್ಬೀನು ಏರಿಸಿ, ಕಂಡದ್ದರ ಹೆಸರನ್ನು ತಾನೇ ಹೇಳಿ, ಕೆನ್ನೆ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. “ನಲವತ್ತು ದೇಶ ಸುತ್ತಿದ್ದೀನಿ. ಕಿವಿಯಿಂದಲೇ ಹಕ್ಕಿ ಹುಡುಕುವವರನ್ನು ನೋಡೇ ಇರಲಿಲ್ಲ,” ಎಂದಳು. ಕಿವಿಗೂ ಹಕ್ಕಿಗೂ ಏನು ಸಂಬಂಧ ಎಂದು ಮುಬಿರುವಿಗೆ ಹೊಳೆಯದಿದ್ದರೂ ಹೊಗಳಿಕೆ ಎಂದು ಗೊತ್ತಾಗಿ ಇನ್ನಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿದ.

ಅಲ್ಲಿಂದ ಬಯಲು ಸೀಮೆಗೆ ಹೊರಟರು. ಎಂಬುರೊ ಕೆರೆಯ ದಾರಿಯಲ್ಲಿ ಬಿಳಿ ಸಮವಸ್ತ್ರದ ಟ್ರಾಫಿಕ್ ಪೊಲೀಸಮ್ಮ ಕೈ ಅಡ್ಡ ಹಿಡಿದಳು. ಅವಳು ಕಿಟಕಿಯ ಹತ್ತಿರ ಬರುವುದಕ್ಕೂ, ಅವಳ ಹಿಂದಿನ ಕೆಸರಿನಲ್ಲಿ ಬೂದಿ ಬಣ್ಣದ ದೊಡ್ಡ ಹಕ್ಕಿಯೊಂದು ಇಳಿಯುವುದಕ್ಕೂ ಸರಿಹೋಯಿತು. ಅದು ಯಾವುದೋ ಬಡಪಾಯಿ ಬಕಪಕ್ಷಿ. ಮುಬಿರು ಗಕ್ಕನೆ ಕಣ್ಣು ಮುಚ್ಚಿದ.

“ಡ್ರೈವರ್, ಕಣ್ಣು ಬಿಡು.”

“ಆಗಲ್ಲ ಅಫಾಂಡೆ,” ಎಂದ ಮುಬಿರು. ಪೊಲೀಸರನ್ನು ನಾವು ಮರ್ಯಾದೆಗೆ ಹಾಗೆ ಕರೆಯುವುದು.

“ಯಾಕಾಗಲ್ಲ?”

“ಮನೆ ವಿಷಯ ಅಫಾಂಡೆ. ಪರಿಚಯ ಮುಗಿಯೋವರೆಗೆ ಬಿಡೋ ಹಾಗಿಲ್ಲ.”

“ಕಣ್ಣು ಕಾಣುತ್ತೋ ಇಲ್ವೋ? ನನ್ ಕೈಯಲ್ಲಿ ಎಷ್ಟು ಬೆರಳಿದೆ ಹೇಳು.”

ಮುಬಿರು ಯೋಚಿಸಿ, “ಐದು,” ಎಂದ.

“ನಾನು ಕೈ ಎತ್ತೇ ಇಲ್ಲ.”

ಹಿಲ್ಡೆ ಮಧ್ಯೆ ಬಂದು, “ಇವರು ಈ ದೇಶದಲ್ಲೇ ಅತ್ಯುತ್ತಮ ಹಕ್ಕಿ ತಜ್ಞರು,” ಎಂದು ವಾದಿಸಿದಳು. ಅದು ಮೊಕದ್ದಮೆಯನ್ನು ಇನ್ನೂ ಕೆಡಿಸಿತು. ಕೊನೆಗೆ ಪೊಲೀಸಮ್ಮ ಮುದುಕಿಯ ಲೈಸೆನ್ಸ್ ನೋಡಿ, “ಅಜ್ಜಿ, ನೀವೇ ಓಡಿಸಿ. ಇವನನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ,” ಎಂದು ತೀರ್ಪು ಕೊಟ್ಟಳು. ಆ ಪೊಲೀಸಮ್ಮನ ತವರು ಮಬಂಬಾ ಎಂಬುದೂ, ಅವಳು ಸೆಂಗಾ ಫೆಡೆರೆಸಿಯ ಜೊತೆ ಚರ್ಚಿನಲ್ಲಿ ಹಾಡುತ್ತಿದ್ದವಳು ಎಂಬುದೂ ಮುಬಿರುವಿನ ಜಾತಕದಲ್ಲಿ ಬರೆದಿತ್ತು.

ಹುಲ್ಲುಗಾವಲಿನಲ್ಲಿ ಹಿಲ್ಡೆಯ ವ್ಯಾನು ಜೀಬ್ರಾಗಳ ಮಧ್ಯೆ ಧೂಳೆಬ್ಬಿಸುತ್ತಿದ್ದಾಗ ನಮ್ಮೂರಿನಲ್ಲಿ ಸುದ್ದಿ ಧೂಳೆಬ್ಬಿಸುತ್ತಿತ್ತು. ಪೊಲೀಸಮ್ಮ ಹೇಳಿದ್ದು “ಕಣ್ಣಿನಲ್ಲೇನೋ ತೊಂದರೆ” ಎಂದು. ಸೆಂಗಾ ಅದನ್ನು “ಒಂದು ಕಣ್ಣು ಕಾಣಲ್ಲವಂತೆ” ಎಂದು ಪಕ್ಕದ ಮನೆಗೆ ದಾಟಿಸಿದಳು. ಕ್ಷೌರದಂಗಡಿಗೆ ಬರುವ ಹೊತ್ತಿಗೆ ಎರಡೂ ಹೋಗಿದ್ದವು. ದೋಣಿಕಟ್ಟೆಯಲ್ಲಿ ಬುಲ್ವೆಯೇ ಕುಕ್ಕಿತು ಎಂದಾಯಿತು. “ಅದಕ್ಕೇ ಅವನು ಸ್ಕೋವಿಯಾನ ಸುಂದರಿ ಅನ್ನೋದು,” ಎಂದ ಕ್ಷೌರಿಕನಿಗೆ ಸ್ಕೋವಿಯಾ ಅಂದಿನಿಂದ ಚಪಾತಿ ಕೊಡುವುದನ್ನು ನಿಲ್ಲಿಸಿದಳು.

ಸೆಂಗಾ ನನಗೆ ಫೋನ್ ಮಾಡಿದಳು. “ಮಾತುಗಾರರೇ, ಕುರುಡನ್ನ ಮುಚ್ಚಿಟ್ಟು ತಜ್ಞ ಅಂತ ಮಾರೋಕೆ ಬಂದ್ರಾ? ಪರದೇಶದ ಅಜ್ಜಿ ಅವನನ್ನ ಮಗು ಹಾಗೆ ಪಕ್ಕದಲ್ಲಿ ಕೂರಿಸ್ಕೊಂಡು ಊರೂರು ಸುತ್ತಿಸ್ತಿದ್ದಾಳಂತೆ.”

“ಸೆಂಗಾ, ಅವನ ಕಣ್ಣು ಚೆನ್ನಾಗಿದೆ. ನಿಮ್ಮಣ್ಣನಿಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಮುಚ್ಕೊಂಡಿದ್ದಾನೆ.”

“ಎಲ್ಲಾ ಕುರುಡರ ಕಡೆಯವರೂ ಹೀಗೇ ಹೇಳೋದು,” ಎಂದು ಅವಳು ಫೋನ್ ಇಟ್ಟಳು.

ಮುಂದಿನದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಜೌಗಿನ ದಿನ ಬೆಳಗ್ಗೆ ಹಿಲ್ಡೆ ಮುಬಿರುವನ್ನು ಕೂರಿಸಿಕೊಂಡು ದೋಣಿಕಟ್ಟೆಗೆ ಬಂದಾಗ ಅಲ್ಲಿ ಒಬ್ಬ ಅಂಬಿಗನೂ ಇರಲಿಲ್ಲ. ಹುಡುಗರೆಲ್ಲ ಮರುದಿನದ ಶಾಸ್ತ್ರಕ್ಕೆ ಸಲೋಂಗೊ ಅಂಗಳದಲ್ಲಿ ಡೇರೆ ಹಾಕುತ್ತಿದ್ದರು. ಕಟ್ಟೆಯ ಮೇಲಿದ್ದವರು ಸಲೋಂಗೊ ಒಬ್ಬರೇ. ಮನೆ ತುಂಬ ತಂಗಿಯರು ಸೇರಿಕೊಂಡಿದ್ದರಿಂದ ತಪ್ಪಿಸಿಕೊಂಡು ಬಂದು ಬಲೆ ಹೊಲಿಯುತ್ತಿದ್ದರು. ಹಿಲ್ಡೆ ಕೈಮುಗಿಯುವುದೊಂದೇ ಬಾಕಿ, ಅಷ್ಟು ಬೇಡಿಕೊಂಡಳು. ಬುಲ್ವೆ ಎಂಬ ಶಬ್ದಕ್ಕೇ ಉಗುಳುವ ಮನುಷ್ಯ ಅಂದು ಎದ್ದು ನಿಂತು, “ನಾನು ಗಳ ಹಾಕ್ತೀನಿ. ನೋಡೋದು ನಿಮ್ ಪಾಡು,” ಎಂದರು. ಕಾರಣ ಬೇರೇನೂ ಅಲ್ಲ, ಅಳಿಯನ ಕಣ್ಣನ್ನು ಸ್ವತಃ ಪರೀಕ್ಷೆ ಮಾಡುವ ಅವಕಾಶ ಬಿಡಬಾರದೆಂದು.

ಮುಬಿರು ದೋಣಿಯ ಮೂತಿಯಲ್ಲಿ ದಾರಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೂತ. ನಡುವೆ ಹಿಲ್ಡೆ. ಹಿಂದೆ ಗಳ ಹಿಡಿದು ಸಲೋಂಗೊ. ಎರಡೂ ಕಡೆ ಆಳೆತ್ತರದ ಜೊಂಡು. ನೀರ ಮೇಲಿನ ಎಲೆಗಳ ಮೇಲೆ ಪುಟ್ಟ ಹಕ್ಕಿಯೊಂದು ನಡೆದು ಹೋಯಿತು. ಹಿಲ್ಡೆ, “ಇದು?” ಎಂದಳು. ಸಪ್ಪಳ ಕೇಳಿದ ಮುಬಿರು, “ಒದ್ದೆಯಾದ ಕೋಳಿಮರಿ,” ಎಂದ. ಸಲೋಂಗೊಗೆ ಅನುಮಾನ ಬಲವಾಯಿತು. ಅವರು ಮುಬಿರುವಿನ ಮುಖದ ಕಡೆಗೆ ತಮ್ಮ ನಾಲಿಗೆಯನ್ನು ಉದ್ದಕ್ಕೂ ಚಾಚಿದರು. ಮುಬಿರು ಅಲುಗಲಿಲ್ಲ. ಅಷ್ಟರಲ್ಲಿ ಏನೋ ಕೇಳಲು ಹಿಂದೆ ತಿರುಗಿದ ಹಿಲ್ಡೆ ಅದನ್ನು ಕಂಡು, ಇದು ಈ ಜೌಗಿನ ಪದ್ಧತಿ ಇರಬೇಕೆಂದು ತಾನೂ ಮರ್ಯಾದೆಯಿಂದ ನಾಲಿಗೆ ಚಾಚಿ ಮುಂದಕ್ಕೆ ತಿರುಗಿದಳು.

ಬುಲ್ವೆ ಎಲ್ಲಿ ನಿಲ್ಲುತ್ತದೆ ಎಂದು ಸಲೋಂಗೊ ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ನಲವತ್ತು ವರ್ಷ ತಪ್ಪಿಸಿಕೊಂಡು ಓಡಾಡಲು ಅದು ಗೊತ್ತಿರಲೇಬೇಕಲ್ಲ. ಆ ಜಾಗ ಹತ್ತಿರವಾದಂತೆ ಅವರೂ ಕಣ್ಣು ಮುಚ್ಚಿದರು. ಹೀಗೆ ಮುಂದೊಬ್ಬ ಕಣ್ಣು ಮುಚ್ಚಿದವ, ಹಿಂದೊಬ್ಬ ಕಣ್ಣು ಮುಚ್ಚಿದವ, ನಡುವೆ ದೇಶದ ಅತಿಥಿ. ನಮ್ಮ ಸರ್ಕಾರಗಳೂ ಎಷ್ಟೋ ಸಲ ಹೀಗೇ ನಡೆದಿವೆ. ದೋಣಿ ಜೊಂಡಿಗೆ ನುಗ್ಗಿ ನಿಂತಿತು. ಹಿಲ್ಡೆಯ ಉಸಿರು ಕೇಳಿಸಿತು.

“ಸಿಕ್ಕಿತು,” ಎಂದು ಅವಳು ಪಿಸುಗುಟ್ಟಿದಳು. “ಅಯ್ಯೋ, ಕೊಕ್ಕಿನಲ್ಲಿ ಮೀನಿದೆ. ಮಂಬಾ ಮೀನು.”

ಮುಬಿರುವಿನ ಬೆಡಗು, ಅಂದರೆ ಕುಲ, ಮಂಬಾ. ನಮ್ಮಲ್ಲಿ ಒಂದೊಂದು ಬೆಡಗಿಗೆ ಒಂದೊಂದು ಪ್ರಾಣಿ. ಮಂಬಾ ಬೆಡಗಿನವರು ಮಂಬಾ ಮೀನನ್ನು ತಿನ್ನುವುದಿಲ್ಲ, ಒಡಹುಟ್ಟಿದವರಂತೆ ಕಾಣುತ್ತಾರೆ. ಕೆಲಸ, ಹೆಣ್ಣು, ಕೊಟ್ಟ ಮಾತು ಎಲ್ಲ ಒಂದು ಕ್ಷಣ ಮರೆತುಹೋಯಿತು. ಅವನು ಕಣ್ಣು ಬಿಟ್ಟು, ತಿರುಗಿ, ಎದ್ದು ನಿಂತು ಕೂಗಿದ.

“ಬಿಡೋ ಅವನ್ನ, ನಮ್ಮವನು ಅವನು!”

ದೋಣಿ ಹೊಯ್ದಾಡಿತು. ಸಲೋಂಗೊ ಗಾಬರಿಯಿಂದ ಕಣ್ಣು ಬಿಟ್ಟರು. ಜೊಂಡಿನ ನಡುವೆ ಬುಲ್ವೆ ನಿಂತಿತ್ತು. ಜನ್ಮದಲ್ಲೇ ಯಾರಿಂದಲೂ ಬೈಸಿಕೊಂಡಿರದ ಆ ಹಕ್ಕಿ ಆಶ್ಚರ್ಯಕ್ಕೆ ಬಾಯಿ ತೆರೆಯಿತು. ಮೀನು ಜಾರಿ ಕೆಸರಿಗೆ ಬಿದ್ದು ಮಾಯವಾಯಿತು. ಹಕ್ಕಿ ಹಾರಲಿಲ್ಲ. ಮೂವರನ್ನೂ ನೋಡಿ ನಿಧಾನವಾಗಿ ತಲೆ ಬಾಗಿಸಿತು. ಸಲೋಂಗೊ, ನಲವತ್ತು ವರ್ಷ ಅದರಿಂದ ಮುಖ ತಪ್ಪಿಸಿಕೊಂಡಿದ್ದವರು, ತಮಗೇ ಗೊತ್ತಿಲ್ಲದೆ ತಾವೂ ತಲೆ ಬಾಗಿಸಿದರು. ಹಿಲ್ಡೆ ಅಳುತ್ತಿದ್ದಳು.

ದೋಣಿ ಕಟ್ಟೆಗೆ ಬಂದು ತಗುಲಿತು. ಆಮೇಲೆ ಸಲೋಂಗೊ, “ಕಣ್ಣು ಕಾಣುತ್ತೆ ಹಾಗಾದ್ರೆ,” ಎಂದರು.

“ಕಾಣುತ್ತೆ ಅಪ್ಪ.”

“ಏನಾದ್ರೂ ಕಂಡ್ಯಾ?”

“ಇಲ್ಲ ಅಪ್ಪ. ನೀವು?”

ಸಲೋಂಗೊ ಗಳ ಒರೆಸಿಡುತ್ತ, “ನನಗೇನ್ ಕಾಣುತ್ತೆ,” ಎಂದು ಬಲೆ ಎತ್ತಿಕೊಂಡು ಹೊರಟುಹೋದರು.

ಮರುದಿನ ಪರಿಚಯದ ಡೇರೆ ಕಿಕ್ಕಿರಿದಿತ್ತು. ನಮ್ಮ ಸಾಲಿನಲ್ಲಿ ಹಿಲ್ಡೆ ಕೂಡ ಭುಜ ಚೂಪಾದ ನಮ್ಮ ಹೆಂಗಸರ ಗೊಮೇಸಿ ಉಟ್ಟು ಕೂತಿದ್ದಳು. ನಾನು ಎದ್ದು, “ಮಾತು ಕೊಟ್ಟರೆ ಕಣ್ಣು ಕೊಟ್ಟಂತೆ ನಡೆಯುವ ಹುಡುಗ,” ಎಂದು ಶುರುಮಾಡಿದ್ದೆ. ಸೆಂಗಾ ಫೆಡೆರೆಸಿ ಡೇರೆಯ ನಡುವೆ ಬಂದು ಸೊಂಟಕ್ಕೆ ಕೈ ಇಟ್ಟಳು.

“ಹೊಗಳಿಕೆ ಆಮೇಲೆ. ಮೊದಲು ಒಂದು ಪ್ರಶ್ನೆ. ಇವನ ಕಣ್ಣು ಬುಲ್ವೆ ಮೇಲೆ ಬಿತ್ತೋ, ಇಲ್ವೋ? ಎಲ್ಲರ ಮುಂದೆ ಹೇಳಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಹುಡುಗಿ ಪ್ರಶ್ನೆಯನ್ನು ಹಿಲ್ಡೆಯ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದಳು. ಜೀವಮಾನವೆಲ್ಲ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿದ ಟೀಚರಮ್ಮ ಎದ್ದು ನಿಂತಳು. ತನ್ನ ಭಾಷಣ ಇಲ್ಲೇ ಎಂದುಕೊಂಡಳೋ ಏನೋ. ಮುಬಿರು ಎಷ್ಟು ದಿನ ಕಣ್ಣು ಮುಚ್ಚಿದ್ದ, ಹೇಗೆ ಕಣ್ಣು ತೆರೆದು ಮೀನನ್ನು ಉಳಿಸಿದ, ಬುಲ್ವೆ ಹೇಗೆ ನಮಸ್ಕರಿಸಿತು, ದೋಣಿಯಲ್ಲಿದ್ದ ಹಿರಿಯರು ಹೇಗೆ ಪ್ರತಿನಮಸ್ಕಾರ ಮಾಡಿದರು, ಎಲ್ಲವನ್ನೂ ಇಂಗ್ಲಿಷಿನಲ್ಲಿ, ಅಭಿನಯದ ಸಮೇತ ಹೇಳಿದಳು. ನಾಲಿಗೆಯ ಪದ್ಧತಿಯನ್ನೂ ಬಿಡಲಿಲ್ಲ.

ಇದೆಲ್ಲ ನನಗೂ ಆಗಲೇ ಗೊತ್ತಾದದ್ದು. ಒಂದು ಕ್ಷಣ ನನ್ನ ನಾಲಿಗೆ ಏಳಲಿಲ್ಲ. ಮೊದಲ ಸಾಲಿನ ಹಿರಿಯರು ಅನುವಾದಕ್ಕಾಗಿ ನನ್ನನ್ನೇ ನೋಡುತ್ತಿದ್ದರು. ಹೇಗೋ ಗಂಟಲು ಸರಿಮಾಡಿಕೊಂಡೆ. “ಅತಿಥಿ ಹೇಳುತ್ತಿದ್ದಾರೆ, ಈ ಮನೆಯ ಬಾಳೆಯ ತೋಟ ಬಹಳ ಚೆನ್ನಾಗಿದೆ, ದಂಪತಿಗಳಿಗೆ ಅವಳಿ ಮಕ್ಕಳಾಗಲಿ,” ಎಂದೆ. ಹಿರಿಯರು ತಲೆದೂಗಿದರು. ಹಿಂದಿನ ಸಾಲಿನ ಇಂಗ್ಲಿಷ್ ಬಲ್ಲ ಹುಡುಗರು ಹೊಟ್ಟೆ ಹಿಡಿದು ನಕ್ಕರು.

ಸೆಂಗಾ ನಗಲಿಲ್ಲ. “ಮಾತುಗಾರರೇ, ನಾನು ಮದುವೆಗೆ ಮುಂಚೆ ಕ್ರೈಸ್ತ ಮಠದಲ್ಲಿ ಅಡುಗೆ ಮಾಡ್ತಿದ್ದೋಳು. ಬಿಳೀ ಸಿಸ್ಟರುಗಳ ಬೈಗುಳವೆಲ್ಲಾ ಅದೇ ಭಾಷೇಲಿ ತಿಂದಿದ್ದೀನಿ. ಬಾಳೆ ತೋಟದ ವಿಷಯ ಅಜ್ಜಿ ಎತ್ತೇ ಇಲ್ಲ. ಹುಡುಗ ಬುಲ್ವೆ ನೋಡಿದ್ದಾನೆ. ದೋಣೀಲಿ ಇನ್ನೊಬ್ಬರೂ ನೋಡಿದ್ದಾರೆ. ಆ ನಮಸ್ಕಾರ ಮಾಡಿದ ಹಿರಿಯರು ಯಾರು?”

ಹೆಂಗಸರ ನಡುವೆ ಸ್ಕೋವಿಯಾಳ ಮುಖ ಬಾಡಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಮುಬಿರು ಚಾಪೆಯನ್ನೇ ನೋಡುತ್ತಿದ್ದ. ಅವನು ಬಾಯಿ ಬಿಟ್ಟರೆ ಬೆಸ್ತರೆಲ್ಲರ ಮುಂದೆ ಮಾವನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಹೆಣ್ಣು ಹೋಗುತ್ತಾಳೆ. ಜೀವನದಲ್ಲಿ ಮೊದಲ ಸಲ ಅವನು ಬಾಯಿ ಮುಚ್ಚಿಕೊಂಡು ಕೂತ.

ಅದನ್ನು ಸಲೋಂಗೊ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

“ಹುಡುಗನ್ನ ಬಿಡು ಫೆಡೆರೆಸಿ. ನಮಸ್ಕಾರ ಮಾಡಿದೋನು ನಾನೇ,” ಎಂದರು. “ನಲವತ್ತು ವರ್ಷ ಆ ಹಕ್ಕಿ ಮುಖ ನೋಡ್ಲಿಲ್ಲ. ನೋಡದೇನೇ ಎಷ್ಟು ಸಲ ಬರೀ ಬಲೆ ಎತ್ತಿದ್ದೀನೋ ದೇವರಿಗೇ ಗೊತ್ತು. ನಿನ್ನೆ ನೋಡ್ದೆ. ನೋಡಿ, ಹೆದರ್ಕೊಂಡೇ ಹೋಗಿ ಬಲೆ ಎಳೆದೆ.”

“ಬಲೇಲಿ?” ಎಂದಳು ಸೆಂಗಾ.

“ಅಡುಗೆ ಮನೇಲಿ ಬಾಳೆಎಲೆ ಒಳಗೆ ಬೇಯ್ತಿದೆ. ಮೂಗಿದ್ದವರಿಗೆ ಆಗ್ಲಿಂದ ವಾಸನೆ ಬರ್ತಿಲ್ವಾ?”

ಡೇರೆಯೆಲ್ಲ ಒಮ್ಮೆ ಮೂಸಿತು. ಮೂಸಿ, ಒಪ್ಪಿತು.

ಆದರೂ ಸೆಂಗಾ ಸುಲಭಕ್ಕೆ ಬಗ್ಗುವವಳಲ್ಲ. ಶಾಸ್ತ್ರದ ಕೊನೆಗೆ ಗಂಡಿನ ಕಡೆಯಿಂದ ಹೆಣ್ಣಿನ ಸೋದರನಿಗೆ ಒಂದು ಹುಂಜ ಕೊಡಬೇಕು. ಆ ಹುಂಜ ಕೈ ಬದಲಾಯಿಸಿದರೆ ಹೆಣ್ಣು ನಮ್ಮದಾದಂತೆ. ಸ್ಕೋವಿಯಾಳ ಅವಳಿ ಸೋದರ ಲುತಾಯಾ ಕೈ ಚಾಚಿದಾಗ ಸೆಂಗಾ ಅಡ್ಡ ಬಂದು ಬುಟ್ಟಿಯ ಮುಚ್ಚಳ ತೆಗೆದಳು.

“ತಜ್ಞರೇ, ಕಣ್ಣು ಬಿಟ್ಕೊಂಡು ಹೇಳಿ. ಇದು ಯಾವ ಹಕ್ಕಿ?”

ಮದುಮಗ ಮಾತಾಡಬಾರದು. ಆದರೂ ಮುಬಿರು ಬಗ್ಗಿ ನೋಡಿ, ತಪ್ಪಬಾರದೆಂದು ಇನ್ನೊಮ್ಮೆ ನೋಡಿ, “ಹುಂಜ,” ಎಂದ. “ನಾನು ತಜ್ಞ ಅಲ್ಲ ಸೆಂಗಾ. ಡ್ರೈವರ್.”

“ಒಂದಾದ್ರೂ ಗೊತ್ತಲ್ಲ,” ಎಂದರು ಸಲೋಂಗೊ. “ಗಾಡಿ ಅವನು ಓಡಿಸ್ಲಿ. ಜೌಗಿನ ಹಕ್ಕಿ ನಾನು ತೋರಿಸ್ತೀನಿ.”

ಹುಂಜ ಲುತಾಯಾನ ಕೈಗೆ ಹೋಗಿ ಒಮ್ಮೆ ಕೂಗಿತು. ಸ್ಕೋವಿಯಾ ಬಂದು ಮುಬಿರುವಿನ ಕೊರಳಿಗೆ ಹಾರ ಹಾಕಿ, ಅವನ ಕಿವಿಯಲ್ಲಿ, “ಇನ್ನು ರೆಪ್ಪೆ ಬಡಿಬಹುದು,” ಎಂದಳು. ಎಷ್ಟೋ ಮದುವೆ ಮಾಡಿಸಿದ್ದೇನೆ, ಅಂದು ನಾನೂ ಕಣ್ಣು ಒರೆಸಿಕೊಂಡೆ.

ಈಗ ನೀವು ಮಬಂಬಾಕ್ಕೆ ಬಂದರೆ ವ್ಯಾನಿನಿಂದ ಇಳಿಸುವವನು ಅಳಿಯ, ದೋಣಿಗೆ ಹತ್ತಿಸುವವರು ಮಾವ. ಬುಲ್ವೆ ನಿಲ್ಲುವ ಜಾಗಕ್ಕೆ ಸಲೋಂಗೊ ನೆಟ್ಟಗೆ ಕರೆದೊಯ್ಯುತ್ತಾರೆ. ಅಲ್ಲಿ ತಲುಪಿದ ಕೂಡಲೇ ಅವರು ಒಂದು ಕಣ್ಣನ್ನು ಭದ್ರವಾಗಿ ಮುಚ್ಚಿಕೊಂಡು, ಇನ್ನೊಂದರಿಂದ ನೋಡಿ, ತಲೆ ಬಾಗಿಸುತ್ತಾರೆ. ದೂರದೇಶದ ಜನ ಅದೇ ಸರಿಯಾದ ವಿಧಾನವೆಂದು ತಾವೂ ಒಂದು ಕಣ್ಣು ಮುಚ್ಚುತ್ತಾರೆ. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದೆ.

“ಸಂಜೆ ಬಲೆ ಎತ್ತಬೇಕಲ್ಲ ಮಾತುಗಾರರೇ,” ಎಂದರು ಸಲೋಂಗೊ. “ಒಂದು ಕಣ್ಣು ಹಕ್ಕಿಗೆ, ಇನ್ನೊಂದು ಮೀನಿಗೆ.”